ಟವಲ್ ಕೆಳಗಿನ ಸೈಕಲ್ ದಾರಿ

ಚುನಾವಣೆ ಎಂದರೆ ನನಗೆ ಮೊದಲಿನಿಂದಲೂ ಹುಚ್ಚು. ಲೋಕಸಭೆ, ವಿಧಾನಸಭೆಗಳ ಮಾತಲ್ಲ, ಅವು ಟಿ.ವಿ.ಯಲ್ಲಿ ನಡೆಯುವ ಚುನಾವಣೆಗಳು. ನಗರಸಭೆಯ ಚುನಾವಣೆ ನಮ್ಮ ಮನೆಯ ಗೇಟಿನಲ್ಲೇ ನಡೆಯುತ್ತದೆ. ಮೈಕು ಕಟ್ಟಿದ ಆಟೋ ಬೀದಿಯ ತಿರುವಿನಲ್ಲಿ ಕೂಗುವಷ್ಟರಲ್ಲಿ ನಾನು ಒಲೆ ಸಣ್ಣಗೆ ಮಾಡಿ ಬಾಗಿಲಲ್ಲಿ ನಿಂತಿರುತ್ತೇನೆ. ಬಂದವರು ಯಾವ ಪಕ್ಷದವರಾದರೂ ಸರಿ, ನನ್ನ ಪ್ರಶ್ನೆ ಸಿದ್ಧವಾಗಿರುತ್ತದೆ. "ನೀನು ಮೇಷ್ಟ್ರಾಗೋ ಬದ್ಲು ಪೊಲೀಸ್ ಆಗ್ಬೇಕಿತ್ತು ಕಣಮ್ಮ" ಎಂದು ನನ್ನ ಅತ್ತೆ ಆಡಿಕೊಳ್ಳುತ್ತಾರೆ.

ಈ ಸಲ ನನ್ನ ಹುಚ್ಚಿಗೆ ಒಂದು ಕಾರಣವೂ ಇತ್ತು. ನಮ್ಮ ಮನೆ ಶಿಡ್ಲಘಟ್ಟದ ಅಂಚಿನಲ್ಲಿ, ಕೆರೆಯ ಹಿಂದಿನ ಬಡಾವಣೆಯಲ್ಲಿದೆ. ಮಗಳ ಹೈಸ್ಕೂಲು ಕೆರೆಯ ಆಚೆ. ಎರಡಕ್ಕೂ ನಡುವೆ ಇರುವುದು ಏರಿಯ ಮೇಲಿನ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಹಿಪ್ಪುನೇರಳೆ ತೋಟ, ತಡೆಗೋಡೆ ಎರಡೂ ಕಡೆ ಇಲ್ಲ. ಸೊಪ್ಪು ತುಂಬಿದ ಟ್ರ್ಯಾಕ್ಟರು, ಜಲ್ಲಿ ತುಂಬಿದ ಟಿಪ್ಪರು ಎಲ್ಲವೂ ಅದರ ಮೇಲೇ. ಹೋದ ಮಳೆಗಾಲದಲ್ಲಿ ಒಂದು ಟಿಪ್ಪರಿಗೆ ಜಾಗ ಬಿಡಲು ಹೋಗಿ ನನ್ನ ಮಗಳು ಸೈಕಲ್ ಸಮೇತ ತೋಟದೊಳಕ್ಕೆ ಉರುಳಿದಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಸಂಜೆಯೇ ಅತ್ತೆ ಸೈಕಲ್ಲನ್ನು ವರಾಂಡದ ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿದರು. ಬೀಗದ ಕೈ ಅವರ ಸೆರಗಿನ ಗಂಟು ಸೇರಿತು.

ನಾನು ಬೆಳಗಾಗೆದ್ದು ಚಿಕ್ಕಬಳ್ಳಾಪುರದ ಬಸ್ಸು ಹಿಡಿಯಬೇಕು. ಅಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಗಂಡನ ಕೆಲಸ ಗೌರಿಬಿದನೂರಿನಲ್ಲಿ, ಅವರು ನನಗಿಂತ ಮೊದಲೇ ಮನೆ ಬಿಡುತ್ತಾರೆ. ಅತ್ತೆಗೆ ಮಂಡಿ ನೋವು, ಮಗಳನ್ನು ಬಿಟ್ಟು ಬರುವವರು ಯಾರೂ ಇಲ್ಲ. ನಡೆದು ಹೋದರೆ ಬೆಳಗಿನ ಸ್ಪೆಷಲ್ ಕ್ಲಾಸು ತಪ್ಪುತ್ತಿತ್ತು. ಹೀಗಾಗಿ ಮನೆಯಲ್ಲಿ ಒಂದು ತೀರ್ಮಾನವಾಯಿತು: ಒಂಬತ್ತನೇ ತರಗತಿ ಹೇಗೋ ಮುಗಿಯಲಿ, ಹತ್ತಕ್ಕೆ ಚಿಂತಾಮಣಿಯ ನಾದಿನಿಯ ಮನೆಯಲ್ಲಿ ಬಿಡೋಣ, ಅಲ್ಲಿ ಸ್ಕೂಲು ಬಾಗಿಲ ಎದುರಿಗೇ ಇದೆ.

"ನಾನು ಹೋಗಲ್ಲ" ಎಂದು ಮಗಳು ಅತ್ತಳು. ನನಗೂ ಕಳಿಸಲು ಇಷ್ಟವಿರಲಿಲ್ಲ. ಇರುವ ಒಬ್ಬಳು ಮಗಳನ್ನು ಒಂದು ಕೆರೆ ಏರಿಯ ದೆಸೆಯಿಂದ ಇನ್ನೊಂದು ಊರಿಗೆ ಕಳಿಸುವುದು ಯಾವ ನ್ಯಾಯ? ಅತ್ತೆ ಮಾತ್ರ ಜಗ್ಗಲಿಲ್ಲ. "ಏರಿ ಮೇಲೆ ಸೈಕಲ್‌ಗೆ ಅಂತ್ಲೇ ಒಂದು ದಾರಿ ಬಿಡ್ಲಿ, ಅದಕ್ಕೊಂದು ಗೋಡೆ ಕಟ್ಲಿ. ಆವತ್ತು ನಾನೇ ಬೀಗ ತೆಗೀತೀನಿ. ಅಲ್ಲೀವರ್ಗೂ ನನ್ನ ಕೇಳ್ಬೇಡಿ" ಎಂದುಬಿಟ್ಟರು.

ಸರಿಯಾಗಿ ಅದೇ ಹೊತ್ತಿಗೆ ನಗರಸಭೆ ಚುನಾವಣೆ ಬಂತು! ನಾನು ಬಸ್ಸಿನಲ್ಲಿ ಕೂತು ಸುದ್ದಿ ಓದಿದವಳು ಸಂತೋಷಕ್ಕೆ ಪಕ್ಕದ ಸೀಟಿನವರ ತೊಡೆ ಹೊಡೆದಿದ್ದೆ. ಪುಣ್ಯಕ್ಕೆ ಅವರೂ ಹೆಂಗಸೇ.

ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಮಹಿಳೆಗೆ ಮೀಸಲು ಎಂದರೆ ನಮ್ಮ ಕಡೆ ಅರ್ಥ ಇಷ್ಟೇ: ಪೋಸ್ಟರಿನಲ್ಲಿ ಹೆಂಡತಿಯ ಫೋಟೋ ಇರುತ್ತದೆ, ಗಂಡನದು ಅದಕ್ಕಿಂತ ದೊಡ್ಡದಿರುತ್ತದೆ. ಆಕೆ ಕೈ ಮುಗಿಯುತ್ತಾಳೆ, ಆತ ಮಾತಾಡುತ್ತಾನೆ. ಕಣದಲ್ಲಿ ಉಳಿದವರು ಇಬ್ಬರು. ಒಬ್ಬರು ಮಾಜಿ ಸದಸ್ಯರೊಬ್ಬರ ಸೊಸೆ. ಇನ್ನೊಬ್ಬರು ರೇಷ್ಮೆ ನೂಲು ತೆಗೆಯುವ ಘಟಕದ ಮಾಲೀಕರ ಹೆಂಡತಿ.

ಮೊದಲು ಬಂದವರು ಮಾಜಿ ಸದಸ್ಯರು. ಸೊಸೆ ಎರಡು ಹೆಜ್ಜೆ ಹಿಂದೆ. ಬೀದಿಯ ಹೆಂಗಸರೆಲ್ಲ ನಮ್ಮ ಗೇಟಿನಲ್ಲಿ ಸೇರಿದ್ದರು. ನಾನು ಆರತಿ ತಟ್ಟೆ ಕೆಳಗಿಟ್ಟು ಕೇಳಿಯೇಬಿಟ್ಟೆ: "ಏರಿ ಮೇಲೆ ಸೈಕಲ್ ದಾರಿಗೆ ಅನುದಾನ ಇಡ್ತೀರಾ, ಇಲ್ವಾ?"

"ದಾರಿನಾ? ಮೇಡಂ, ಕೆರೆ ಸುತ್ತಾ ಟ್ರ್ಯಾಕೇ ಹಾಕಿಸ್ತೀನಿ. ಲೈಟು, ಬೆಂಚು, ಸೆಲ್ಫಿ ಪಾಯಿಂಟು, ಎಲ್ಲಾ! ಬೆಂಗಳೂರೋರು ನಂದಿ ಬೆಟ್ಟ ಬಿಟ್ಟು ಇಲ್ಲಿಗೆ ಸೈಕಲ್ ತರ್ಬೇಕು, ಹಂಗ್ ಮಾಡ್ತೀನಿ" ಎಂದರು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಆಗ ನನ್ನ ಅತ್ತೆ ಒಳಗಿನಿಂದ ಒಂದು ಟವಲ್ ಹಿಡಿದು ಬಂದರು.

ಇಲ್ಲಿ ಅತ್ತೆಯ ಬಗ್ಗೆ ಹೇಳಬೇಕು. ಅವರ ತವರು ಕೈವಾರದ ಕಡೆ, ಮಾತಿನಲ್ಲಿ ತೆಲುಗು ಅರ್ಧ, ಕನ್ನಡ ಅರ್ಧ. ಅವರ ತಂದೆ ಚಿಂತಾಮಣಿ ಸಂತೆಯಲ್ಲಿ ದನದ ದಲ್ಲಾಳಿ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವಲ್ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಹೇಳುವುದು. ಸುತ್ತ ನಿಂತವರಿಗೆ ಕಾಣುವುದು ಟವಲ್ ಅಲುಗುವುದಷ್ಟೇ. ಅದರ ಕೆಳಗೆ ಒಪ್ಪಿದ ಮಾತಿಗೆ ತಪ್ಪಿದವನ ಜೊತೆ ಸಂತೆಯಲ್ಲಿ ಯಾರೂ ವ್ಯಾಪಾರ ಮಾಡುತ್ತಿರಲಿಲ್ಲ. ಅಲ್ಲಿ ತಿಳಿದದ್ದನ್ನು ಹೊರಗೆ ಬಾಯಿಬಿಟ್ಟ ದಲ್ಲಾಳಿಗೂ ಅದೇ ಗತಿ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಇದನ್ನೆಲ್ಲ ಕಲಿತ ಅತ್ತೆ ಇವತ್ತಿಗೂ ತರಕಾರಿ ಗಾಡಿಯವನ ಹತ್ತಿರ ಟವಲ್ ಹಾಕಿಯೇ ಚೌಕಾಸಿ ಮಾಡುತ್ತಾರೆ. ಅವನು ನಗುತ್ತಾ ಸೋಲುತ್ತಾನೆ.

"ಚುನಾವಣೆಗೆ ನಿಂತಿರೋದು ಯಾರು?" ಎಂದು ಅತ್ತೆ ಮಾಜಿ ಸದಸ್ಯರನ್ನು ಕೇಳಿದರು.

"ನಮ್ ಸೊಸೆ ಕಣಮ್ಮಾ."

"ಹಂಗಾದ್ರೆ ನೀವು ಪಕ್ಕಕ್ಕೆ ನಿಂತ್ಕೊಳ್ಳಿ. ಬಾಮ್ಮಾ ನೀನು. ಕೈ ಕೊಡು." ಅತ್ತೆ ಆ ಹುಡುಗಿಯ ಕೈ ಹಿಡಿದು ಮೇಲೆ ಟವಲ್ ಹಾಕಿದರು. "ನಮ್ ವಾರ್ಡಿಗೆ ರಸ್ತೆ ಕೆಲಸಕ್ಕೆ ಬರೋ ದುಡ್ಡು ಹತ್ತು ಪಾಲು ಅಂದ್ಕೋ. ಅದ್ರಲ್ಲಿ ಸೈಕಲ್ ತುಳಿಯೋ ಮಕ್ಕಳಿಗೆ ಎಷ್ಟು ಪಾಲು ಕೊಡ್ತೀಯ? ಬಾಯಲ್ಲಿ ಹೇಳ್ಬೇಡ, ಅಷ್ಟು ಬೆರಳು ಹಿಡಿ ಸಾಕು."

ಆಕೆ ಗಾಬರಿಯಿಂದ ಹಿಂದೆ ತಿರುಗಿದಳು. "ಎಷ್ಟು ಹಿಡೀಲಿ ಮಾವ?"

"ಹತ್ತೂ ಹಿಡಿಯಮ್ಮಾ! ಕೊಡೋದಾದ್ಮೇಲೆ ಲೆಕ್ಕ ಯಾಕೆ!" ಎಂದು ಮಾವ ನಕ್ಕರು. ಜನವೂ ನಕ್ಕಿತು. ಅತ್ತೆ ಮಾತ್ರ ಟವಲ್ ಮಡಚಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು.

ಮಾರನೆಯ ದಿನ ಘಟಕದ ಮಾಲೀಕರು ಬಂದರು. ಜೊತೆಯಲ್ಲಿ ಹೆಂಡತಿ, ಗುಲಾಬಿ ಬಣ್ಣದ ರೇಷ್ಮೆ ಸೀರೆ, ಕುತ್ತಿಗೆಗೆ ಪಕ್ಷದ ಶಾಲು, ಮುಗಿದ ಕೈ ಮುಗಿದ ಹಾಗೇ ಇತ್ತು. ನಾನು ಅದೇ ಪ್ರಶ್ನೆ ಕೇಳಿದೆ.

"ಸೈಕಲ್ಲಾ?" ಎಂದರು ಆತ, ನಾನೇನೋ ಎತ್ತಿನ ಗಾಡಿ ಕೇಳಿದಂತೆ. "ನೀವು ಓದಿರೋರು ಮೇಡಂ, ನೀವೇ ಹೇಳಿ, ಈಗ ಯಾರು ತುಳೀತಾರೆ ಸೈಕಲ್ನ? ನಮ್ಮಲ್ಲಿ ನೂಲು ತೆಗೆಯೋಕೆ ಬರೋ ಹೆಂಗಸರೂ ಸ್ಕೂಟೀಲಿ ಬರ್ತಾರೆ. ಆ ದುಡ್ಡು ಹಾಕಿ ಏರಿ ಅಗಲ ಮಾಡಿದ್ರೆ ಎರಡು ಕಾರು ಒಟ್ಟಿಗೆ ಹೋಗುತ್ತೆ."

"ಕಾರಿರೋರ ಮಕ್ಕಳು ಆ ಸ್ಕೂಲಿಗೆ ಹೋಗಲ್ಲ ಸ್ವಾಮಿ" ಎಂದೆ. ಮೈಯೆಲ್ಲ ಉರಿದುಹೋಗಿತ್ತು. ಆರತಿ ತಟ್ಟೆಯನ್ನು ಅವರ ಕಣ್ಣೆದುರೇ ಒಳಗೆ ತೆಗೆದುಕೊಂಡು ಹೋಗಿ ಇಟ್ಟುಬಂದೆ.

ವಾಪಸು ಬಂದು ನೋಡಿದರೆ ಅತ್ತೆ ಆಗಲೇ ಆಕೆಯ ಕೈ ಮೇಲೆ ಟವಲ್ ಹಾಕಿ ಅದೇ ಹತ್ತು ಪಾಲಿನ ಮಾತು ಹೇಳುತ್ತಿದ್ದರು. ಗಂಡನಿಗೆ ತಮಾಷೆ. "ಹಿಡಿ ಹಿಡಿ, ದೊಡ್ಡವರು ಕೇಳ್ತಾವ್ರೆ" ಎಂದು ಫೋನು ಕಿವಿಗಿಟ್ಟುಕೊಂಡು ಆಚೆ ತಿರುಗಿದರು. ಆಕೆ ತಿರುಗಿ ಅವರನ್ನು ನೋಡಲಿಲ್ಲ. ತಲೆ ಬಗ್ಗಿಸಿ ಟವಲ್ಲನ್ನೇ ನೋಡುತ್ತಿದ್ದರು. ಟವಲ್ ಒಮ್ಮೆ ಅಲುಗಿತು, ಸ್ವಲ್ಪ ಹೊತ್ತು ಸುಮ್ಮನಿತ್ತು, ಮತ್ತೆ ಅಲುಗಿತು. ಅತ್ತೆಯ ಹುಬ್ಬು ಮೇಲೇರಿದ್ದನ್ನು ನಾನು ಕಣ್ಣಾರೆ ಕಂಡೆ.

"ಏನಾಯ್ತೇ?" ಎಂದರು ಗಂಡ, ಫೋನು ಜೇಬಿಗಿಳಿಸುತ್ತಾ.

"ಏನಿಲ್ಲ ರೀ. ಅಜ್ಜಿ ಆಶೀರ್ವಾದ ಮಾಡಿದ್ರು."

ಹೊರಡುವಾಗ ಆಕೆ ವರಾಂಡದ ಕಂಬದ ಹತ್ತಿರ ಒಂದು ಕ್ಷಣ ನಿಂತರು. ಬೀಗ ಹಾಕಿದ ಸೈಕಲ್ಲಿನ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಾಳಿ ಇರಲಿಲ್ಲ. ಆಮೇಲೆ ಗಂಡನ ಹಿಂದೆ ಹೋದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಘೋಷಿಸಿದರು: "ನನ್ ವೋಟು ಆಯಮ್ಮಂಗೇ."

ನನ್ನ ಕೈಯಲ್ಲಿದ್ದ ಮುದ್ದೆ ಸಾರಿಗೆ ಬಿತ್ತು. "ಅತ್ತೆ! ಅವಳ ಗಂಡ ಸೈಕಲ್ಲೇ ಬೇಡ ಅಂದ್ನಲ್ಲ! ನಿಮ್ಮ ಕಿವಿಗೆ ಬೀಳ್ಲಿಲ್ವಾ?"

"ಗಂಡ ನಿಂತಿಲ್ಲ ಕಣೇ."

"ಎಷ್ಟು ಬೆರಳು ಹಿಡಿದ್ರು ಆಯಮ್ಮ? ಅಷ್ಟಾದ್ರೂ ಹೇಳಿ."

"ಅಬ್ಬೋ, ಅದು ಮಾತ್ರ ಕೇಳ್ಬೇಡ. ನಮ್ಮಪ್ಪ ಆ ಸಂತೇಲಿ ಕೂದಲು ನರೆಯೋ ತನಕ ಕೂತಿದ್ರು. ಒಂದು ದಿನಾನೂ ಟವಲ್ ಕೆಳಗಿನ ಮಾತು ಮೇಲೆ ತಂದೋರಲ್ಲ."

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ. ಹಾಲಿನ ಡೇರಿಯ ಮುಂದೆ ಅತ್ತೆ ಒಬ್ಬರಿಗೆ ವೋಟು ಕೇಳಿದರೆ, ಅದೇ ಸಾಲಿನ ತುದಿಯಲ್ಲಿ ನಾನು ಇನ್ನೊಬ್ಬರಿಗೆ ಕೇಳುತ್ತಿದ್ದೆ. ನನ್ನ ಬಳಿ ಕಾರಣಗಳ ಮೂಟೆಯೇ ಇತ್ತು: ಟ್ರ್ಯಾಕು, ಲೈಟು, ಬೆಂಚು. ಅತ್ತೆಯ ಬಳಿ ಒಂದೂ ಇಲ್ಲ. "ಯಾಕೆ ಅಂತ ಹೇಳಕ್ಕಾಗಲ್ಲ. ನನ್ ಮಾತು ನಂಬಿ" ಎನ್ನುತ್ತಿದ್ದರು, ಅಷ್ಟೇ. ಆದರೆ ಜನ ನಂಬುವಂತೆ ಕಾಣುತ್ತಿದ್ದುದು ಅವರನ್ನೇ! ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅಷ್ಟು ಖುಷಿಯ ದಿನಗಳನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ, ಹಂಗಾಯ್ತು ನಮ್ಮನೆ" ಎಂದು ನನ್ನ ಗಂಡ ಬಾಯಿತಪ್ಪಿ ಅಂದುಬಿಟ್ಟರು. "ಇದ್ರಲ್ಲಿ ಕೋಣ ಯಾರು?" ಎಂದು ಅತ್ತೆಯೂ ನಾನೂ ಒಟ್ಟಿಗೇ ಕೇಳಿದೆವು. ಆಮೇಲೆ ಮತದಾನ ಮುಗಿಯುವವರೆಗೆ ಆ ಪ್ರಾಣಿ ಬಾಯಿ ತೆರೆಯಲಿಲ್ಲ.

ಮತದಾನದ ದಿನ ರಟ್ಟಿನ ಮರೆಯ ಹಿಂದೆ ನಿಂತು ಬೆರಳು ಮುಂದೆ ಮಾಡಿದೆ. ಮಾಜಿ ಸದಸ್ಯರ ಸೊಸೆಯ ಗುರುತಿನ ಹತ್ತಿರ ಹೋದ ಬೆರಳು ಅಲ್ಲೇ ನಿಂತಿತು. ಆ ಚಕ್ರ ಒತ್ತಿದ ಹೆಬ್ಬೆರಳು ನೆನಪಾಯಿತು. ಸೈಕಲ್ ಕಂಡರೆ ಬೆಲ್ಲು ಹೊಡೆಯುವವರಿದ್ದಾರೆ, ಸೀಟು ತಟ್ಟುವವರಿದ್ದಾರೆ. ಗಾಳಿ ಇದೆಯಾ ಎಂದು ಒತ್ತಿ ನೋಡುವುದು ದಿನಾ ತುಳಿದು ರೂಢಿ ಇದ್ದವರು ಮಾತ್ರ. ನನಗೂ ಆ ರೂಢಿ ಇತ್ತು, ಕಾಲೇಜಿನ ದಿನಗಳಲ್ಲಿ. ಹೊರಗೆ ಮತ ಹಾಕುವ ಸಾಲು ಕಾಯುತ್ತಿತ್ತು. ನಾನು ಘಟಕದ ಮಾಲೀಕರ ಹೆಂಡತಿಯ ಗುರುತು ಒತ್ತಿಬಿಟ್ಟೆ. ಅತ್ತೆ ಕೇಳಿದಾಗ "ನಾನು ಯಾರಿಗೆ ಹಾಕ್ತೀನಿ ಅಂತ ಊರಿಗೇ ಗೊತ್ತಲ್ಲ" ಎಂದು ಜಂಬ ಮಾಡಿದೆ.

ಆಕೆ ಗೆದ್ದರು, ಕೂದಲೆಳೆಯ ಅಂತರದಲ್ಲಿ. ಮೆರವಣಿಗೆಯಲ್ಲಿ ಹಾರಗಳೆಲ್ಲ ಗಂಡನ ಕೊರಳಿಗೆ ಬಿದ್ದವು. ಆಕೆಯ ಕೊರಳಿನಲ್ಲಿ ಒಂದೇ ಒಂದು ಇತ್ತು. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು.

ಆಮೇಲೆ ತಿಂಗಳುಗಳು ಕಳೆದರೂ ಏನೂ ಆಗಲಿಲ್ಲ. ನಲ್ಲಿ ಕೆಟ್ಟರೂ, ಬೀದಿ ದೀಪ ಹೋದರೂ ಜನ ಗಂಡನ ಫೋನಿಗೇ ಮಾಡುತ್ತಿದ್ದರು. ಸದಸ್ಯೆಯನ್ನು ಕಂಡವರೇ ಇಲ್ಲ. ಏರಿ ಅಗಲ ಮಾಡಿಸುತ್ತೇನೆ, ಕಾರು ಓಡಿಸುತ್ತೇನೆ ಎಂದು ಆತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಮಗಳ ಒಂಬತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂತು. ಚಿಂತಾಮಣಿಯಿಂದ ನಾದಿನಿ ಫೋನು ಮಾಡಿ "ಬೀರೂಲಿ ಒಂದು ಅರೆ ಖಾಲಿ ಮಾಡಿದ್ದೀನಿ, ಅವಳ ಬಟ್ಟೆಗೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಫೋನಿಟ್ಟು ಬಚ್ಚಲಿಗೆ ಹೋಗಿ ಕಣ್ಣೀರು ಹಾಕಿದೆ. ನಿಮ್ಮ ಟವಲ್ಲೂ ಸಾಕು, ನಿಮ್ಮಪ್ಪನ ಸಂತೆಯೂ ಸಾಕು ಎಂದು ಅತ್ತೆಯ ಮುಖಕ್ಕೇ ಹೇಳಿದೆ.

ಅಷ್ಟರಲ್ಲಿ ನಗರಸಭೆಯ ಬಜೆಟ್ ಪೂರ್ವಭಾವಿ ಸಭೆ ಬಂತು. ಸಾರ್ವಜನಿಕರು ಬಂದು ಸಲಹೆ ಕೊಡಬಹುದು ಎಂದು ಆಟೋದಲ್ಲಿ ಕೂಗಿಸಿದ್ದರು. "ನಡಿ, ಹೋಗಣ" ಎಂದರು ಅತ್ತೆ. ನಾನು ಕಾಲೇಜಿಗೆ ರಜೆ ಹಾಕಿದೆ.

ಸಭೆಯಲ್ಲಿ ನಮ್ಮ ಸದಸ್ಯೆ ಕುರ್ಚಿಯಲ್ಲಿದ್ದರು, ಗಂಡ ಪಕ್ಕದ ಕುರ್ಚಿ ಎಳೆದುಕೊಂಡು ಕೂತಿದ್ದರು. ಬೇರೆ ವಾರ್ಡುಗಳಲ್ಲೂ ಅದೇ ಪದ್ಧತಿ ಇದ್ದುದರಿಂದ ಯಾರೂ ಆಕ್ಷೇಪ ಮಾಡಲಿಲ್ಲ. ನಮ್ಮ ವಾರ್ಡಿನ ಸರದಿ ಬಂದಾಗ ಗಂಡ ಮೈಕು ಎಳೆದುಕೊಂಡು ಶುರು ಮಾಡಿದರು: "ನಮ್ ವಾರ್ಡಿಗೆ ಕೆರೆ ಏರಿ ಅಗಲೀಕರಣ..."

ಆಕೆ ಮೈಕಿನ ಮೇಲೆ ಕೈ ಇಟ್ಟರು. "ಒಂದ್ನಿಮಿಷ ರೀ. ನಾನ್ ಹೇಳ್ತೀನಿ."

ನಾನು ಅತ್ತೆಯ ಮೊಣಕೈ ಹಿಡಿದುಕೊಂಡೆ.

"ನಾನು ದಿಬ್ಬೂರಹಳ್ಳಿ ಕಡೆಯೋಳು" ಎಂದರು ಆಕೆ. "ಹೈಸ್ಕೂಲಿಗೆ ಸೈಕಲ್ಲಲ್ಲೇ ಹೋಗ್ತಿದ್ದೆ. ಒಂದಿನ ಲಾರಿಯೋನು ಗುದ್ದೋ ಹಂಗೆ ಬಂದ ಅಂತ ಮನೇಲಿ ಸೈಕಲ್ ನಿಲ್ಸಿದ್ರು. ಸೈಕಲ್ ನಿಂತ್ಮೇಲೆ ಸ್ಕೂಲೂ ನಿಂತೋಯ್ತು. ನಮ್ ವಾರ್ಡಿನ ರಸ್ತೆ ಅನುದಾನದಲ್ಲಿ ಹತ್ತರಲ್ಲಿ ಮೂರು ಪಾಲು ಏರಿ ಮೇಲೆ ಸೈಕಲ್ ದಾರಿಗೆ, ತಡೆಗೋಡೆಗೆ ಇಡ್ಬೇಕು. ಬರ್ಕೊಳ್ಳಿ ಸಾರ್."

ಗಂಡನ ಮುಖ ನೋಡಬೇಕಿತ್ತು. ಮೈಕು ಇನ್ನೂ ಚಾಲೂ ಇದೆ ಎಂಬುದನ್ನೂ ಮರೆತು "ಯಾರು ಹೇಳ್ಕೊಟ್ರೇ ನಿಂಗೆ ಇದನ್ನ?" ಎಂದರು. ಅದು ಸಭೆಗೆಲ್ಲ ಕೇಳಿಸಿತು.

"ಯಾರೂ ಇಲ್ಲ. ವೋಟು ಕೇಳಕ್ಕೆ ಹೋದಾಗ್ಲೇ ಕೊಟ್ಟಿದ್ದ ಮಾತು ಇದು" ಎಂದರು ಆಕೆ.

ನನಗೆ ಕುರ್ಚಿಯ ಮೇಲೆ ಹತ್ತಿ ಕೂಗಬೇಕು ಅನ್ನಿಸಿತು. ಅಷ್ಟರಲ್ಲಿ ಅತ್ತೆಯೇ ಎದ್ದು ನಿಂತಿದ್ದರು. "ಏಮ್ಮಾ, ಇನ್ನೊಂದು ಬೆರಳು ಎಲ್ಲಿ?"

ಸಭೆಗೆ ಏನೂ ಅರ್ಥವಾಗಲಿಲ್ಲ. ಆಕೆಗೆ ಅರ್ಥವಾಯಿತು. ಅಷ್ಟು ದಿನಗಳಲ್ಲಿ ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಅದು ಮುಂದಿನ ವರ್ಷಕ್ಕೆ ಅಜ್ಜಿ" ಎಂದರು.

ಚಿಂತಾಮಣಿಯ ಮಾತು ಅಲ್ಲಿಗೆ ನಿಂತಿತು. ಕೆಲಸ ಮುಗಿಯುವವರೆಗೆ, ಮಂಡಿ ನೋವನ್ನು ಬೈದುಕೊಳ್ಳುತ್ತಲೇ, ಅತ್ತೆ ಮೊಮ್ಮಗಳನ್ನು ನಸುಕಿನಲ್ಲೇ ಎಬ್ಬಿಸಿ ಏರಿಯ ಮೇಲೆ ನಡೆಸಿಕೊಂಡು ಹೋಗಿ ಸ್ಕೂಲಿಗೆ ಬಿಟ್ಟು ಬರುತ್ತಿದ್ದರು. ಬರುವಾಗ ಗೋಡೆ ಕಟ್ಟುವವರಿಗೆ ಬುದ್ಧಿ ಹೇಳುತ್ತಿದ್ದರು. ಸಿಮೆಂಟು ಕಡಿಮೆ, ನೀರು ಜಾಸ್ತಿ, ಹೀಗೆ. ಗೋಡೆಯ ಗಾರೆ ಒಣಗಿದ ದಿನ ಬೀಗವೂ ಬಿಚ್ಚಿತು.

ಉದ್ಘಾಟನೆಯನ್ನು ಒಂದು ಬೆಳಿಗ್ಗೆ ಇಟ್ಟುಕೊಂಡರು. ಅಷ್ಟರಲ್ಲಿ ಸದಸ್ಯೆಯ ಗಂಡ ರಾಜಿಯಾಗಿದ್ದರು. ರಾಜಿ ಏನು, ಈ ದಾರಿ ತಮ್ಮದೇ ಕನಸು ಎಂದು ಬ್ಯಾನರು ಬೇರೆ ಕಟ್ಟಿಸಿದ್ದರು. ಏರಿಯ ತುದಿಗೆ ಕೆಂಪು ರಿಬ್ಬನ್ನು, ತಟ್ಟೆಯಲ್ಲಿ ಕತ್ತರಿ, ಫೋಟೋ ತೆಗೆಯುವವನು. ಚಿಕ್ಕಬಳ್ಳಾಪುರದಿಂದ ಯಾರೋ ದೊಡ್ಡವರು ಬರಬೇಕಂತೆ. ಬಂದರು, ಬಂದರು ಎಂದು ಹೇಳುತ್ತಲೇ ಹೊತ್ತಾಯಿತು. ರಿಬ್ಬನ್ನಿನ ಈಚೆ ಸ್ಕೂಲಿನ ಹುಡುಗಿಯರು ಸೈಕಲ್ ಮೇಲೆ ಒಂದು ಕಾಲು ನೆಲಕ್ಕೂರಿ ಸಾಲಾಗಿ ನಿಂತಿದ್ದರು. ನನ್ನ ಮಗಳು ಎಲ್ಲರಿಗಿಂತ ಮುಂದೆ. ಸ್ಪೆಷಲ್ ಕ್ಲಾಸಿನ ಗಂಟೆ ಕೆರೆಯ ಆಚೆಯಿಂದ ಕೇಳಿಸಿತು.

ಮಗಳು ಸದಸ್ಯೆಯ ಮುಖ ನೋಡಿದಳು. ಸದಸ್ಯೆ ಗಂಡನ ಕಡೆ ತಿರುಗಲಿಲ್ಲ.

"ಹೋಗ್ರಮ್ಮಾ, ಹೋಗ್ರಿ" ಎಂದರು. "ನಿಮಗೆ ಲೇಟಾಗುತ್ತೆ."

"ಏ, ಇರ್ರೀ, ಕತ್ತರಿ..." ಎಂದು ಗಂಡ ಕೂಗುವಷ್ಟರಲ್ಲಿ ಮಗಳು ಪೆಡಲ್ ತುಳಿದಾಗಿತ್ತು. ರಿಬ್ಬನ್ನು ಅವಳ ಎದೆಗೆ ತಾಗಿ ಕಿತ್ತುಹೋಯಿತು. ಹಿಂದೆಯೇ ಅಷ್ಟೂ ಹುಡುಗಿಯರು ಬೆಲ್ಲು ಹೊಡೆಯುತ್ತಾ ನುಗ್ಗಿದರು. ಮಗಳು ಒಂದು ಸಲವೂ ನಮ್ಮ ಕಡೆ ತಿರುಗಿ ನೋಡಲಿಲ್ಲ.